ಕಾಗೆ, ಕೊಂಬೆ ಮತ್ತು ಕೊಯ್ನಾ: ಒಂದು ಭೂಕಂಪದ ಪ್ರಕರಣ ಅಧ್ಯಯನ

1967ರ ಡಿಸೆಂಬರ್ 11ರ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾನಗರ ನಡುಗಿತು. ಕಂಪನದ ಪರಿಮಾಣ 6.3. ಸುಮಾರು 180ರಿಂದ 200 ಜನ ಸತ್ತರು, 1,500ಕ್ಕೂ ಹೆಚ್ಚು ಜನ ಗಾಯಗೊಂಡರು. ಕೊಯ್ನಾ ಅಣೆಕಟ್ಟಿನ ನೌಕರರಿದ್ದ ಆ ಊರಿನಲ್ಲಿ ಬಹುಪಾಲು ಮನೆಗಳು ನೆಲಕ್ಕುರುಳಿದವು. ಕೊಯ್ನಾ ಜಲವಿದ್ಯುತ್ ನಿಂತದ್ದರಿಂದ ಮುಂಬೈಯ ಕಾರ್ಖಾನೆಗಳಿಗೂ ಕತ್ತಲು ಕವಿಯಿತು. ಅಂತರರಾಷ್ಟ್ರೀಯ ಪಟ್ಟಿಗಳಲ್ಲಿ ಇದೇ ಕಂಪನ ಡಿಸೆಂಬರ್ 10ರ ದಿನಾಂಕದಲ್ಲಿ ಸಿಗುತ್ತದೆ. ಅವು ಗ್ರೀನಿಚ್ ಕಾಲವನ್ನು ಅನುಸರಿಸುತ್ತವೆ, ಗೊಂದಲ ಬೇಡ.

ದಖ್ಖನ್ ಪ್ರಸ್ಥಭೂಮಿ ಆಗ ಎಲ್ಲರ ಲೆಕ್ಕದಲ್ಲೂ ಗಟ್ಟಿ ನೆಲ. ಹಿಮಾಲಯದ ಹಾಗೆ ಎರಡು ಭೂಫಲಕಗಳು ಡಿಕ್ಕಿ ಹೊಡೆಯುವ ಅಂಚಲ್ಲ. ಫಲಕದ ಒಡಲಿನಲ್ಲಿರುವ ಪುರಾತನ ಶಿಲೆ. ಭಾರತದ ಕಟ್ಟಡ ಸಂಹಿತೆಯ 1962ರ ಭೂಕಂಪ ನಕ್ಷೆ ಇಲ್ಲಿ ಅಪಾಯ ನಗಣ್ಯ ಎಂದೇ ತೋರಿಸಿತ್ತು. ಹಾಗಾಗಿ ಅಣೆಕಟ್ಟಿನ ವಿನ್ಯಾಸದಲ್ಲಿ ಭೂಕಂಪಕ್ಕೆಂದು ಸೇರಿಸಿದ ಅಡ್ಡಬಲ ಗುರುತ್ವದ ಶೇ. 5 ಮಾತ್ರ. ಅಣೆಕಟ್ಟಿನ ಒಳಗೇ ಇದ್ದ, ಅಲುಗಾಟದ ಜೋರನ್ನು ಅಳೆಯುವ ವೇಗೋತ್ಕರ್ಷ ಮಾಪಕ ಆ ಬೆಳಗಿನ ಜಾವ ದಾಖಲಿಸಿದ ಗರಿಷ್ಠ ಬೆಲೆಗಳು ಹೀಗಿವೆ: ಅಣೆಕಟ್ಟಿನ ಉದ್ದಕ್ಕೆ ಗುರುತ್ವದ ಶೇ. 63, ನದಿಯ ದಿಕ್ಕಿಗೆ ಶೇ. 49, ಮೇಲೆ-ಕೆಳಗೆ ಶೇ. 34.

ಪ್ರಶ್ನೆ ಆಗಿನಿಂದ ಈಗಿನವರೆಗೂ ಒಂದೇ. ಐದಾರು ವರ್ಷಗಳ ಹಿಂದಷ್ಟೇ ಅಲ್ಲಿ ನೀರು ನಿಲ್ಲಿಸಿದ್ದರು; ಕಂಪನಕ್ಕೆ ಆ ನೀರು ಕಾರಣವೇ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೇ, ಅಥವಾ ಕಾಗೆಯಿಂದಲೇ ಕೊಂಬೆ ಮುರಿಯಿತೇ? ಅರ್ಧ ಶತಮಾನದ ಅಳತೆಗಳ ನಂತರ ನಾವು ಒಪ್ಪುವ ಉತ್ತರ ಎರಡರ ನಡುವಿನದು. ಕಾಗೆ ಕೂತದ್ದರಿಂದಲೇ ಕೊಂಬೆ ಅಂದು ಮುರಿಯಿತು, ಆದರೆ ಕೊಂಬೆಯನ್ನು ಬಾಗಿಸಿಟ್ಟದ್ದು ಕಾಗೆಯಲ್ಲ. ಈ ಎರಡು ಮಾತುಗಳನ್ನೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕಾಗುತ್ತದೆ.

ಕಾಲಾನುಕ್ರಮ

ಕೊಯ್ನಾ ನದಿಗೆ ಅಡ್ಡಲಾಗಿ ಕಟ್ಟಿದ 103 ಮೀಟರ್ ಎತ್ತರದ ಕಲ್ಲು-ಕಾಂಕ್ರೀಟ್ ಭಾರದ ಅಣೆಕಟ್ಟು ಇದು. ಹಿಂದೆ ನಿಲ್ಲುವ ಶಿವಾಜಿಸಾಗರದಲ್ಲಿ ಸುಮಾರು 280 ಕೋಟಿ ಘನಮೀಟರ್ ನೀರು ಹಿಡಿಯುತ್ತದೆ. ನೀರು ತುಂಬುವುದು ಶುರುವಾದದ್ದು 1961–62ರಲ್ಲಿ. ಅದಾದ ಸ್ವಲ್ಪ ಕಾಲಕ್ಕೇ ಅಣೆಕಟ್ಟಿನ ಸುತ್ತ ನೆಲದಡಿಯಿಂದ ಗುಡುಗಿನಂಥ ಸದ್ದು, ಪಾತ್ರೆಗಳು ಅಲುಗುವಷ್ಟು ಕಂಪನ ಜನರ ಅನುಭವಕ್ಕೆ ಬಂದವು. ಕಂಪನಮಾಪಕ ಕೇಂದ್ರಗಳನ್ನು ಹಾಕಿದ್ದು ಆಮೇಲೆ. ಕೇಂದ್ರ ಬಂದ ಮೇಲೆ ಗೊತ್ತಾದದ್ದು: ಕಂಪನಗಳು ಜಲಾಶಯದ ಅಡಿ ಮತ್ತು ಅಕ್ಕಪಕ್ಕದಲ್ಲೇ ಗುಂಪುಗೂಡುತ್ತವೆ, ಆಳ ಕಡಿಮೆ. 1967ರ ಸೆಪ್ಟೆಂಬರ್ 13ರಂದು 5ನ್ನು ಮೀರಿದ ಕಂಪನ ಬಂತು. ಮೂರು ತಿಂಗಳಿಗೆ ದೊಡ್ಡದು.

ದೊಡ್ಡ ಕಂಪನದ ಕೇಂದ್ರ ಅಣೆಕಟ್ಟಿನಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್, ಆಳ ಹತ್ತು ಕಿಲೋಮೀಟರಿನ ಒಳಗೆ. ನೆಲದ ಮೇಲೆ ಒಂದೇ ಗೆರೆಯ ಬದಲು ಓರೆಯಾಗಿ ತುಂಡುತುಂಡಾದ ಬಿರುಕುಗಳ ಸಾಲು ಕಾಣಿಸಿತು, ಉತ್ತರ-ಈಶಾನ್ಯದಿಂದ ದಕ್ಷಿಣ-ನೈಋತ್ಯಕ್ಕೆ. ಇಂಥ ಓರೆ ಬಿರುಕುಗಳು ಹುಟ್ಟುವುದು ಕೆಳಗಿನ ಎರಡು ಬಂಡೆಗಳು ಒಂದರ ಪಕ್ಕ ಒಂದು ಅಡ್ಡಡ್ಡ ಸರಿದಾಗ. ಕಂಪನದ ಅಲೆಗಳೂ ಅದನ್ನೇ ಹೇಳಿದವು. ಬಿರುಕಿನ ಒಂದು ದಡದಲ್ಲಿ ನಿಂತು ನೋಡಿದರೆ ಎದುರು ದಡ ಎಡಕ್ಕೆ ಸರಿದಿತ್ತು. ಬಂಡೆಗಳು ಹೀಗೆ ಸರಿಯುವ ಆಳದ ಬಿರುಕಿಗೆ ಸ್ತರಭಂಗ ಎಂದು ಹೆಸರು. ಈಗ ಇದನ್ನು ದೋಣಿಚಿವಾಡಾ ಸ್ತರಭಂಗ ಎಂದು ಕರೆಯುತ್ತಾರೆ.

ಯಾವ್ಯಾವ ಕಾರಣಗಳನ್ನು ಕೈಬಿಡಬೇಕಾಯಿತು

ಶಾಂತ ಪ್ರದೇಶದಲ್ಲಿ ಕಂಪನ ಬಂದಾಗ ಮೊದಲು ಎಣಿಸಬೇಕಾದ ಕಾರಣಗಳು: ಬಂಡೆ ಒಡೆಯುವ ಸಿಡಿಮದ್ದಿನ ಸ್ಫೋಟ, ಗಣಿ ಅಥವಾ ಗುಹೆಯ ಕುಸಿತ, ಜ್ವಾಲಾಮುಖಿ, ಆಳಕ್ಕೆ ದ್ರವ ಪಂಪ್ ಮಾಡುವುದು, ಜಲಾಶಯ, ಇವೇನೂ ಇಲ್ಲದೆ ತಾನೇ ಸರಿಯುವ ಹಳೆಯ ಸ್ತರಭಂಗ.

ಸ್ಫೋಟವನ್ನು ತಳ್ಳಿಹಾಕುವುದು ಸುಲಭ. ಸಿಡಿಮದ್ದು ಸುತ್ತಲಿನ ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಎಲ್ಲ ಮಾಪಕಗಳ ಮುಳ್ಳೂ ಮೊದಲು ಮೇಲಕ್ಕೇ ಏಳಬೇಕು. ಸ್ತರಭಂಗ ಸರಿದಾಗ ಸುತ್ತಲಿನ ನಾಲ್ಕು ಕಾಲುಭಾಗಗಳಲ್ಲಿ ಎರಡು ಹೊರಕ್ಕೆ ತಳ್ಳುತ್ತವೆ, ಎರಡು ಒಳಕ್ಕೆ ಸೆಳೆಯುತ್ತವೆ. ಕೊಯ್ನಾದಲ್ಲಿ ಕಂಡದ್ದು ಎರಡನೆಯ ಬಗೆ. ಕುಸಿತವಾಗಿದ್ದರೆ ಎಲ್ಲೆಡೆ ಒಳಸೆಳೆತ ಬರಬೇಕಿತ್ತು, ಜೊತೆಗೆ ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಆಳಕ್ಕಿಂತ ಕೆಳಗೆ ಇರುವುದಿಲ್ಲ. ದಖ್ಖನ್ನಿನ ಲಾವಾ ಶಿಲೆಯಾದ ಬಸಾಲ್ಟ್ ಜ್ವಾಲಾಮುಖಿಯ ಕೂಸೇ ಹೌದು, ಆದರೆ ಆ ಬೆಂಕಿ ಆರಿ 6.5 ಕೋಟಿ ವರ್ಷವಾಗಿದೆ.

ಆಳದ ಲೆಕ್ಕದಲ್ಲಿ ಜನ ಎಡವುವುದೇ ಹೆಚ್ಚು. ಒಂದೇ ಮಾಪಕ ಕೇಂದ್ರವಿದ್ದರೆ ಸಿಗುವುದು ದೂರ ಮಾತ್ರ: ಮೊದಲ ಅಲೆಗೂ ಎರಡನೆಯ ಅಲೆಗೂ ನಡುವಿನ ಸೆಕೆಂಡುಗಳನ್ನು ಸುಮಾರು 8ರಿಂದ ಗುಣಿಸಿದರೆ ಕಿಲೋಮೀಟರ್. 2 ಸೆಕೆಂಡ್ ಅಂತರವಿದ್ದರೆ 16 ಕಿಲೋಮೀಟರ್ ತ್ರಿಜ್ಯದ ಗೋಳದ ಮೇಲೆ ಎಲ್ಲಾದರೂ. ಸ್ಥಳ ಗುರುತಿಸಲು ಕನಿಷ್ಠ ಮೂರು ಕೇಂದ್ರ ಬೇಕು, ಆಳಕ್ಕೆ ಅದಕ್ಕಿಂತ ಹೆಚ್ಚು. ಅತಿ ಹತ್ತಿರದ ಕೇಂದ್ರವೇ ಕಂಪನದ ಆಳಕ್ಕಿಂತ ದೂರದಲ್ಲಿದ್ದರೆ ಗಣಕ ಕೊಡುವ ಆಳವನ್ನು ನಂಬಬಾರದು. 6 ಕಿಲೋಮೀಟರ್ ಆಳದ ಕಂಪನವನ್ನು 40 ಕಿಲೋಮೀಟರ್ ದೂರದ ಕೇಂದ್ರಗಳಿಂದ ಅಳೆದು ಆಳ ಇಷ್ಟೇ ಎಂದು ವಾದಿಸುವುದು ವ್ಯರ್ಥ. ಜಲಾಶಯಕ್ಕೂ ಕಂಪನಕ್ಕೂ ಸಂಬಂಧ ಇದೆ ಅಥವಾ ಇಲ್ಲ ಎಂಬ ಎಷ್ಟೋ ವಾದಗಳ ಅಡಿಪಾಯ ಇಂಥ ಆಳದ ಅಂಕಿಯೇ ಆಗಿರುತ್ತದೆ.

ಕೊನೆಗೆ ಉಳಿದದ್ದು ಎರಡೇ: ಜಲಾಶಯ ಮತ್ತು ಹಳೆಯ ಸ್ತರಭಂಗ. ಇವನ್ನು ಒಂದಕ್ಕೊಂದು ಎದುರಾಳಿಗಳೆಂದು ನೋಡಿದ್ದರಿಂದಲೇ ಚರ್ಚೆ ಇಷ್ಟು ವರ್ಷ ಎಳೆಯಿತು.

ನೀರು ಬಂಡೆಗೆ ಏನು ಮಾಡುತ್ತದೆ

ಕಂಪನದ ಹೊತ್ತಿಗೆ ಅಣೆಕಟ್ಟಿನ ಹಿಂದೆ 91.75 ಮೀಟರ್ ನೀರಿತ್ತು. ಅದರ ತಳದ ಒತ್ತಡ ಸುಮಾರು 0.9 ಮೆಗಾಪಾಸ್ಕಲ್, ಅಂದರೆ ಹೆಚ್ಚುಕಡಿಮೆ ಗಾಳಿಯ ಸಹಜ ಒತ್ತಡದ ಒಂಬತ್ತರಷ್ಟು. 5 ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರವೇ 130 ಮೆಗಾಪಾಸ್ಕಲ್. ನೂರಮೂವತ್ತರ ಮುಂದೆ ಒಂದಕ್ಕಿಂತ ಕಡಿಮೆ. ಅದೂ ಆಳಕ್ಕೆ ಹೋದಂತೆ ಹರಡಿ, ಹತ್ತರಲ್ಲಿ ಒಂದೆರಡು ಪಾಲಷ್ಟೇ ಉಳಿಯುತ್ತದೆ. ಇಷ್ಟು ಅಲ್ಪ ಬಲ ಬೆಟ್ಟವನ್ನು ಅಲುಗಿಸೀತೇ ಎಂಬ ಸಂದೇಹ ನ್ಯಾಯವಾದದ್ದೇ.

ಸ್ತರಭಂಗವನ್ನು ಒಂದರ ಮೇಲೊಂದು ಒತ್ತಿಟ್ಟ ಎರಡು ಕಲ್ಲುಚಪ್ಪಡಿಗಳೆಂದು ಭಾವಿಸಿ. ಎರಡು ಬಲಗಳು ಕೆಲಸ ಮಾಡುತ್ತಿವೆ: ಒಂದು ಚಪ್ಪಡಿಗಳನ್ನು ಸರಿಸಲು ನೋಡುತ್ತದೆ, ಇನ್ನೊಂದು ಒತ್ತಿಹಿಡಿದು ಘರ್ಷಣೆಯಿಂದ ತಡೆಯುತ್ತದೆ. ಬಂಡೆಗಳಲ್ಲಿ ಘರ್ಷಣಾಂಕ ಸಾಮಾನ್ಯವಾಗಿ 0.6ರಿಂದ 0.85. ಚಪ್ಪಡಿಗಳ ನಡುವಿನ ಸೂಕ್ಷ್ಮ ರಂಧ್ರಗಳಲ್ಲಿ ನೀರಿದ್ದರೆ ಅದರ ಒತ್ತಡ ಹಿಡಿತದ ಬಲದಿಂದ ಕಳೆದುಹೋಗುತ್ತದೆ. ರಂಧ್ರದ ನೀರಿನ ಒತ್ತಡ 0.1 ಮೆಗಾಪಾಸ್ಕಲ್ ಏರಿತೆಂದರೆ ತಡೆಯುವ ಬಲ 0.06ರಿಂದ 0.085 ಇಳಿಯಿತು. ನೀರು ಜಾರಿಸುತ್ತದೆ ಎಂದು ಹಲವರು ಹೇಳುವುದುಂಟು, ಎಣ್ಣೆ ಸವರಿದಂತೆ. ಅದು ಸರಿಯಲ್ಲ. ಘರ್ಷಣಾಂಕ ಬಹುತೇಕ ಹಾಗೇ ಇರುತ್ತದೆ. ಚಪ್ಪಡಿಗಳನ್ನು ನೀರು ಕೊಂಚ ಎತ್ತಿಹಿಡಿಯುತ್ತದೆ, ಅಷ್ಟೇ.

ಈ ಒತ್ತಡ ಆಳಕ್ಕೆ ತಲುಪುವ ದಾರಿ ಎರಡು. ಮೊದಲನೆಯದು ತಕ್ಷಣದ್ದು. ಮೇಲಿನ ಭಾರ ಬಂಡೆಯನ್ನು ಹಿಂಡುತ್ತದೆ, ರಂಧ್ರದ ನೀರು ಹಿಂಡಿಸಿಕೊಂಡು ಒತ್ತಡ ಏರುತ್ತದೆ. ಎರಡನೆಯದು ನಿಧಾನದ್ದು. ಜಲಾಶಯದ ತಳದಿಂದ ಬಿರುಕುಗಳ ಮೂಲಕ ಒತ್ತಡ ಕೆಳಕ್ಕೆ ಹರಡುತ್ತದೆ. ಇಲ್ಲಿ ನೀರಿನ ಹನಿಯೇ ಐದು ಕಿಲೋಮೀಟರ್ ಪ್ರಯಾಣ ಮಾಡಬೇಕಿಲ್ಲ. ತುಂಬಿದ ಕೊಳವೆಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿಗೆ ಗೊತ್ತಾಗುವ ಹಾಗೆ ಒತ್ತಡ ಸಾಗುತ್ತದೆ. ಬಿರುಕು ಬಿಟ್ಟ ಬಂಡೆಯಲ್ಲಿ ಹರಡುವ ದರವನ್ನು ಸೆಕೆಂಡಿಗೆ 1 ಚದರ ಮೀಟರ್ ಎಂದು ಹಿಡಿದರೆ 5 ಕಿಲೋಮೀಟರ್ ತಲುಪಲು ಸುಮಾರು 23 ದಿನ. ದರ ಹತ್ತನೇ ಒಂದು ಪಾಲಾದರೆ ಏಳೆಂಟು ತಿಂಗಳು. ಈ ಒಂದು ಅಂಕಿಯಿಂದಲೇ ಒಂದು ಜಲಾಶಯದಲ್ಲಿ ನೀರೇರಿದ ಕೂಡಲೇ ಕಂಪನ, ಇನ್ನೊಂದರಲ್ಲಿ ವರ್ಷಗಟ್ಟಲೆ ತಡ.

ಭಾರ ಯಾವಾಗಲೂ ಕೇಡು ಮಾಡುತ್ತದೆಂದೇನಿಲ್ಲ. ಎದುರುಬದುರು ಒತ್ತಿ ಒಂದರ ಮೇಲೊಂದು ಹತ್ತುವ ಬಗೆಯ ಸ್ತರಭಂಗದ ಮೇಲೆ ಜಲಾಶಯ ಕೂತರೆ ಭಾರವು ಅದನ್ನು ಇನ್ನಷ್ಟು ಭದ್ರಪಡಿಸಬಹುದು. ಅಡ್ಡ ಸರಿಯುವ ಅಥವಾ ಕೆಳಜಾರುವ ಬಗೆಯಲ್ಲಿ ಆ ರಕ್ಷಣೆ ಸಿಗುವುದಿಲ್ಲ. ಕೊಯ್ನಾ ಅಡ್ಡ ಸರಿಯುವ ಬಗೆ.

ಈಗ ಕೊಂಬೆಯ ಲೆಕ್ಕಕ್ಕೆ ಬರೋಣ. 6.3ರ ಕಂಪನ ಅಲೆಗಳಾಗಿ ಬಿಟ್ಟ ಶಕ್ತಿ ಸುಮಾರು 1.8 × 10¹⁴ ಜೂಲ್. ತುಂಬಿದ ಜಲಾಶಯದ ತೂಕ 2.7 × 10¹³ ನ್ಯೂಟನ್. ಆ ತೂಕಕ್ಕೆ ನೆಲ 5 ಸೆಂಟಿಮೀಟರ್ ತಗ್ಗಿತೆಂದು ಹಿಡಿದರೂ ಕೂಡಿಟ್ಟ ಶಕ್ತಿ 7 × 10¹¹ ಜೂಲ್. ಇನ್ನೂರರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದೆಲ್ಲ ಬಂಡೆಯಲ್ಲಿ ಮೊದಲೇ ಇತ್ತು. ಅದನ್ನು ಕೂಡಿಟ್ಟದ್ದು ಉತ್ತರಕ್ಕೆ ಸಾಗುತ್ತ ಏಷ್ಯಾವನ್ನು ತಳ್ಳುತ್ತಿರುವ ಭಾರತದ ಫಲಕ.

ಇನ್ನೊಂದು ಲೆಕ್ಕ ನಮಗೆ ಇನ್ನೂ ಮುಖ್ಯವೆನಿಸುತ್ತದೆ. ಫಲಕದ ಒಡಲಿನಲ್ಲಿ ಬಂಡೆ ವರ್ಷಕ್ಕೆ ನೂರು ಕೋಟಿಯಲ್ಲಿ ಒಂದು ಪಾಲು ಹಿಂಡಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಅದರಿಂದ ವರ್ಷಕ್ಕೆ ಸೇರುವ ಒತ್ತಡ 60 ಪಾಸ್ಕಲ್ ಆಸುಪಾಸು. ಜಲಾಶಯ ಆಳದಲ್ಲಿ 0.1 ಮೆಗಾಪಾಸ್ಕಲ್ ಬದಲಾವಣೆ ತಂದರೆ ಅದು ಸುಮಾರು 1,700 ವರ್ಷಗಳ ಸಹಜ ಒತ್ತಡಕ್ಕೆ ಸಮ. ಹಿಮಾಲಯದಂಥ ವೇಗದ ಜಾಗದಲ್ಲಿ ಇದೇ 0.1 ಮೆಗಾಪಾಸ್ಕಲ್ ಕೆಲವು ವರ್ಷ ಅಥವಾ ದಶಕಗಳ ಲೆಕ್ಕದಲ್ಲಿ ಕರಗಿಹೋಗುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಶಾಂತ ಪ್ರದೇಶದಲ್ಲೇ ಮನುಷ್ಯನ ಕೈವಾಡ ಎದ್ದು ಕಾಣುವುದಕ್ಕೆ ಇದು ಕಾರಣ. ಆದ್ದರಿಂದ ‘ಜಲಾಶಯ ಭೂಕಂಪವನ್ನು ಸೃಷ್ಟಿಸಿತು’ ಎನ್ನುವುದಕ್ಕಿಂತ ‘ಪ್ರಚೋದಿಸಿತು’ ಎನ್ನುವುದು ಸರಿ. ಆದರೆ ಆ ಪದವನ್ನು ಹೊಣೆ ಕಳಚಿಕೊಳ್ಳಲು ಬಳಸಬಾರದು. ಹತ್ತಾರು ತಲೆಮಾರುಗಳ ಆಚೆಗಿದ್ದ ಕಂಪನವನ್ನು ಈ ತಲೆಮಾರಿಗೆ ತಂದದ್ದು ಸಣ್ಣ ಮಾತಲ್ಲ.

ಮುಂಗಾರು ಮಾಡುವ ಪ್ರಯೋಗ

ಅಮೆರಿಕದ ಕೊಲರಾಡೊದಲ್ಲಿ ಇದೇ ವಿಚಾರವನ್ನು ನಲ್ಲಿ ತಿರುಗಿಸಿ ಪರೀಕ್ಷಿಸಿದ್ದಾರೆ. ಡೆನ್ವರ್ ಹತ್ತಿರದ ಸೇನಾ ರಾಸಾಯನಿಕ ಕಾರ್ಖಾನೆಯೊಂದು 1962ರಿಂದ 1966ರವರೆಗೆ ತ್ಯಾಜ್ಯ ದ್ರವವನ್ನು 3.6 ಕಿಲೋಮೀಟರಿಗೂ ಆಳದ ಬಾವಿಗೆ ಸುರಿಯಿತು. ಕಂಪನಗಳ ಸರಣಿಯೇ ಬಂತು, ಅತಿ ದೊಡ್ಡವು ಬಂದದ್ದು 1967ರಲ್ಲಿ, ಸುರಿಯುವುದು ನಿಂತ ಮೇಲೆ. ಮುಂದೆ ರೇಂಜ್ಲಿ ತೈಲಕ್ಷೇತ್ರದಲ್ಲಿ ಬೇಕೆಂದೇ ದ್ರವದ ಒತ್ತಡ ಏರಿಸಿ ಇಳಿಸಿ ನೋಡಿದರು. ಏರಿಸಿದಾಗ ಕಂಪನ ಹೆಚ್ಚಿತು, ಇಳಿಸಿದಾಗ ತಗ್ಗಿತು.

ಕೊಯ್ನಾದಲ್ಲಿ ನಲ್ಲಿ ಇರುವುದು ಮುಂಗಾರಿನ ಕೈಯಲ್ಲಿ. ಜೂನ್‌ನಿಂದ ಆಗಸ್ಟ್–ಸೆಪ್ಟೆಂಬರ್‌ವರೆಗೆ ನೀರು ಹತ್ತಾರು ಮೀಟರ್ ಏರುತ್ತದೆ, ಮುಂದಿನ ಬೇಸಿಗೆಯೊಳಗೆ ಅಷ್ಟೇ ಇಳಿಯುತ್ತದೆ. 1960ರ ದಶಕದಿಂದ ಪ್ರತಿ ವರ್ಷ ಹೀಗೆ ನಡೆಯುತ್ತಿದೆ, ಬೇರೆಲ್ಲೂ ಇಷ್ಟು ಉದ್ದದ ಪ್ರಯೋಗ ಸಿಗುವುದು ಕಷ್ಟ. ಕಂಪನಗಳ ಪಟ್ಟಿಯನ್ನು ತಿಂಗಳುವಾರು ಜೋಡಿಸಿದರೆ ಎರಡು ಉಬ್ಬುಗಳು ಕಾಣುತ್ತವೆ. ಒಂದು ಜಲಾಶಯ ತುಂಬಿದ ಹೊತ್ತಿಗೆ, ಸೆಪ್ಟೆಂಬರ್ ಸುಮಾರಿಗೆ. ಇನ್ನೊಂದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ನೀರು ಇಳಿಯುತ್ತಿರುವಾಗ. 5ನ್ನು ಮುಟ್ಟಿದ ಅಥವಾ ಮೀರಿದ ಕಂಪನಗಳನ್ನೇ ನೋಡಿ: 1973ರ ಅಕ್ಟೋಬರ್, 1980ರ ಸೆಪ್ಟೆಂಬರ್, 1993ರ ಡಿಸೆಂಬರ್, 1994ರ ಫೆಬ್ರುವರಿ, 2000ದ ಮಾರ್ಚ್ ಮತ್ತು ಸೆಪ್ಟೆಂಬರ್, 2005ರ ಮಾರ್ಚ್. ಮೊದಲ ಉಬ್ಬನ್ನು ಭಾರ ಮತ್ತು ತಕ್ಷಣದ ಹಿಂಡುವಿಕೆ ವಿವರಿಸುತ್ತವೆ. ಎರಡನೆಯದಕ್ಕೆ ನಿಧಾನದ ದಾರಿ ಬೇಕು: ಮೇಲೆ ಭಾರ ಇಳಿದಿದೆ, ಕೆಳಗೆ ಮಳೆಗಾಲದ ಒತ್ತಡ ಈಗಷ್ಟೇ ತಲುಪುತ್ತಿದೆ.

ಈ ಕ್ಷೇತ್ರದ ಅಧ್ಯಯನಕ್ಕೆ ದಶಕಗಳನ್ನೇ ಕೊಟ್ಟ ಭೂಕಂಪ ವಿಜ್ಞಾನಿ ಹರ್ಷ ಕೆ. ಗುಪ್ತಾ ಎರಡು ಸೂಚನೆಗಳನ್ನು ಗುರುತಿಸಿದರು. ವಾರದಲ್ಲಿ ನೀರಿನ ಮಟ್ಟ 12 ಮೀಟರ್ ಮತ್ತು ಅದಕ್ಕಿಂತ ವೇಗವಾಗಿ ಏರಿದ ವರ್ಷಗಳು ಅಪಾಯದವು. ಹಿಂದಿನ ಗರಿಷ್ಠ ಮಟ್ಟವನ್ನು ನೀರು ಮೀರಿದಾಗಲೂ ಅಪಾಯ ಹೆಚ್ಚು; ಬಂಡೆ ಹಿಂದೆ ಹೊತ್ತ ಭಾರವನ್ನು ನೆನಪಿಟ್ಟುಕೊಂಡಂತೆ ವರ್ತಿಸುತ್ತದೆ. ಇವನ್ನು ಎಚ್ಚರಿಕೆಯ ಗಂಟೆಗಳೆಂದು ಬಳಸಬೇಕು, ನಿಯಮವೆಂದಲ್ಲ. ವೇಗದ ಸೂಚನೆ ಮಾರ್ಚ್‌ನ ಕಂಪನಗಳ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ.

ಅತ್ಯಂತ ಬಲವಾದ ಸಾಕ್ಷ್ಯ ಬಂದದ್ದು ಮಾತ್ರ ಪಕ್ಕದ ಕಣಿವೆಯಿಂದ. ಕೊಯ್ನಾದ ದಕ್ಷಿಣಕ್ಕೆ 30–35 ಕಿಲೋಮೀಟರ್ ದೂರದಲ್ಲಿ 80 ಮೀಟರ್ ಎತ್ತರದ ವಾರಣಾ ಅಣೆಕಟ್ಟು ಕಟ್ಟಿ 1985ರಲ್ಲಿ ನೀರು ನಿಲ್ಲಿಸಲು ಶುರುಮಾಡಿದರು. ಕಂಪನಗಳ ಗುಂಪು ದಕ್ಷಿಣಕ್ಕೂ ಹಬ್ಬಿತು, 1993ರ ಡಿಸೆಂಬರ್ ಮತ್ತು 1994ರ ಫೆಬ್ರುವರಿಯ ದೊಡ್ಡ ಕಂಪನಗಳು ವಾರಣಾ ಕಡೆಯವು. ಒಂದು ಸಲ ಸರಿಹೋದದ್ದನ್ನು ಕಾಕತಾಳೀಯ ಎನ್ನಬಹುದಿತ್ತು. ಎರಡನೆಯ ಕಾಗೆ ಎರಡನೆಯ ಕೊಂಬೆಯ ಮೇಲೆ ಕೂತು ಅದೂ ಮುರಿದ ಮೇಲೆ ಆ ವಾದ ನಿಲ್ಲುವುದಿಲ್ಲ. ಇಂದಿಗೂ ಈ ಎಲ್ಲ ಚಟುವಟಿಕೆ ಸುಮಾರು 20 × 30 ಕಿಲೋಮೀಟರಿನ ಒಂದೇ ಚೌಕದೊಳಗೆ ಇದೆ, ಸುತ್ತಲಿನ 50 ಕಿಲೋಮೀಟರಿನಲ್ಲಿ ಹೇಳಿಕೊಳ್ಳುವಂಥ ಬೇರೆ ಕಂಪನ ಮೂಲವಿಲ್ಲ.

ಇದಕ್ಕೆ ವಿರುದ್ಧ ತೂಕದ ಕಲ್ಲಾಗಿ ಕಿಲ್ಲಾರಿಯನ್ನು ಇಡಬೇಕು. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯಲ್ಲಿ 6.2ರ ಕಂಪನಕ್ಕೆ ಹತ್ತು ಸಾವಿರದಷ್ಟು ಜನ ಬಲಿಯಾದರು. ಅದೇ ಬಸಾಲ್ಟ್, ಅದೇ ‘ಶಾಂತ’ ದಖ್ಖನ್, ಆದರೆ ಕೊಯ್ನಾದಂಥ ಆಳದ ದೊಡ್ಡ ಜಲಾಶಯ ಅಲ್ಲಿರಲಿಲ್ಲ. ಮನುಷ್ಯನ ಜಲಾಶಯ ಇರಲಿ ಬಿಡಲಿ, ಈ ನೆಲದ ಹಳೆಯ ಸ್ತರಭಂಗಗಳು ಸರಿಯಬಲ್ಲವು.

ಅಣೆಕಟ್ಟು ಸೀಳಿದ್ದು ಎಲ್ಲಿ

ಅಣೆಕಟ್ಟು ನಿಂತಿತು, ಆದರೆ ಗಾಯಗೊಂಡಿತು. ನೀರು ಹಾರಿಸದ ಎತ್ತರದ ಖಂಡಗಳಲ್ಲಿ ಅಡ್ಡ ಬಿರುಕುಗಳು ಬಂದವು, ಅದೂ ತಳದಿಂದ 66.5 ಮೀಟರ್ ಎತ್ತರದಲ್ಲಿ, ನೆತ್ತಿಯಿಂದ 36.5 ಮೀಟರ್ ಕೆಳಗೆ. ಅಲ್ಲೇ ಯಾಕೆ? ನದಿ ಮುಂದೆ ಹರಿಯುವ ಕಡೆಯ ಮುಖದ ಇಳಿಜಾರು ಆ ಮಟ್ಟದಲ್ಲಿ ಥಟ್ಟನೆ ಬದಲಾಗುತ್ತದೆ. ತಳದಲ್ಲಿ ಸುಮಾರು 70 ಮೀಟರ್ ದಪ್ಪವಿದ್ದ ಅಣೆಕಟ್ಟು ನೆತ್ತಿಯಲ್ಲಿ 14.8 ಮೀಟರ್. ಅಲುಗಾಟದಲ್ಲಿ ಮೇಲಿನ ಭಾಗ ಚಾಟಿಯಂತೆ ಬೀಸಿದಾಗ ಬಾಗುವಿಕೆಯೆಲ್ಲ ಆ ಮೂಲೆಯಲ್ಲಿ ಒಟ್ಟಾಗುತ್ತದೆ, ಕಾಂಕ್ರೀಟ್ ಎಳೆತಕ್ಕೆ ದುರ್ಬಲ. ಸ್ಥಿರ ಬಲದ ಲೆಕ್ಕದಲ್ಲಿ ಈ ಮೂಲೆ ಎಂದೂ ಅಪಾಯವಾಗಿ ಕಾಣುವುದಿಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಅಣೆಕಟ್ಟು ಅಲುಗುವುದೇ ಇಲ್ಲ. ಬಿರುಕುಗಳಿಗೆ ಎಪಾಕ್ಸಿ ಅಂಟು ತುಂಬಿದರು, ಬಿಗಿದ ಉಕ್ಕಿನ ಕೇಬಲ್‌ಗಳಿಂದ ಹೊಲಿದರು, ಮುಂದೆ ಅದೇ ಮುಖಕ್ಕೆ ಕಾಂಕ್ರೀಟಿನ ಆಸರೆಗೋಡೆಗಳನ್ನು ಕೊಟ್ಟರು. ವೇಗೋತ್ಕರ್ಷ ಮಾಪಕದ ಅಂದಿನ ಆ ದಾಖಲೆ ಇಂದಿಗೂ ಜಗತ್ತಿನಾದ್ಯಂತ ಅಣೆಕಟ್ಟಿನ ಭೂಕಂಪ ಲೆಕ್ಕಾಚಾರಗಳ ಒರೆಗಲ್ಲು. ಭೂಕಂಪ ನಕ್ಷೆಯ 1970ರ ಪರಿಷ್ಕರಣೆಯಲ್ಲಿ ಕೊಯ್ನಾ ಪ್ರದೇಶ ಹೆಚ್ಚು ಅಪಾಯದ 4ನೇ ವಲಯಕ್ಕೆ ಏರಿತು.

ಇನ್ನೊಂದು ಜಲಾಶಯಕ್ಕೆ ಇದನ್ನು ಅನ್ವಯಿಸುವಾಗ

ಚೀನಾದ ಶಿನ್‌ಫೆಂಗ್‌ಜಿಯಾಂಗ್ (1962), ಆಫ್ರಿಕಾದ ಕರೀಬಾ (1963), ಗ್ರೀಸ್‌ನ ಕ್ರೆಮಾಸ್ಟಾ (1966) ಜಲಾಶಯಗಳಲ್ಲೂ 6ನ್ನು ದಾಟಿದ ಕಂಪನಗಳಾಗಿವೆ. ಆದರೆ ಜಗತ್ತಿನ ಸಾವಿರಾರು ದೊಡ್ಡ ಜಲಾಶಯಗಳಲ್ಲಿ ಬಹುಪಾಲು ಏನೂ ಮಾಡಿಲ್ಲ. ಆದ್ದರಿಂದ ಹತ್ತಿರ ಅಣೆಕಟ್ಟಿದೆ ಎಂಬುದಷ್ಟೇ ಸಾಕ್ಷ್ಯವಲ್ಲ.

ಮೊದಲು ಬೇಕಾದದ್ದು ನೀರು ನಿಲ್ಲಿಸುವ ಮುಂಚಿನ ದಾಖಲೆ. ಜಲಾಶಯದ ಸುತ್ತ ಐದಾರು ಕೇಂದ್ರಗಳು, ನಿರೀಕ್ಷಿತ ಆಳಕ್ಕಿಂತ ಹೆಚ್ಚು ಅಂತರವಿಲ್ಲದಂತೆ, ತುಂಬುವ ಮೊದಲು ಕೆಲವು ವರ್ಷ ಓಡಿರಬೇಕು. ತುಂಬಿದ ಮೇಲೆ ಮಾಪಕ ಹಾಕಿದರೆ ಮೊದಲು ಕೇಳಿಸದಿದ್ದ ಸಣ್ಣ ಕಂಪನಗಳೆಲ್ಲ ‘ಹೊಸದಾಗಿ’ ಕೇಳಿಸುತ್ತವೆ. ಕಂಪನ ಹೆಚ್ಚಿತೋ ಕಿವಿ ಹೆಚ್ಚಿತೋ ತಿಳಿಯದು. ಎರಡನೆಯದು ದಿನವಹಿ ನೀರಿನ ಮಟ್ಟ. ತಿಂಗಳ ಸರಾಸರಿ ಪ್ರಯೋಜನವಿಲ್ಲ, 12 ಮೀಟರಿನ ವಾರ ಅದರಲ್ಲಿ ಮುಚ್ಚಿಹೋಗುತ್ತದೆ. ಸಣ್ಣ ಮತ್ತು ದೊಡ್ಡ ಕಂಪನಗಳ ಅನುಪಾತವೂ ಸುಳಿವು ಕೊಡುತ್ತದೆ. ಸಾಮಾನ್ಯವಾಗಿ ಪರಿಮಾಣ ಒಂದು ಇಳಿದರೆ ಸಂಖ್ಯೆ ಹತ್ತರಷ್ಟಾಗುತ್ತದೆ, ಜಲಾಶಯದ ಕಂಪನಗಳಲ್ಲಿ ಸಣ್ಣವುಗಳ ಪಾಲು ಅದಕ್ಕಿಂತ ಹೆಚ್ಚಿರುವುದುಂಟು. ಪಟ್ಟಿ ಯಾವ ಪರಿಮಾಣದವರೆಗೆ ಪೂರ್ಣವಾಗಿದೆ ಎಂದು ನೋಡದೆ ಈ ಅನುಪಾತ ಹಾಕಿದರೆ ಬೇಕಾದ ಉತ್ತರ ಬರಿಸಬಹುದು, ಅದಕ್ಕೇ ಇದನ್ನು ಒಂಟಿ ಸಾಕ್ಷಿಯಾಗಿ ನಾವು ಒಪ್ಪುವುದಿಲ್ಲ.

ಮೂರು ಕಿಲೋಮೀಟರ್ ಕೆಳಗೆ

ಬಂಡೆ ಎಷ್ಟು ಬಿಗಿದುಕೊಂಡಿತ್ತು ಎಂಬುದು ಮೇಲೆ ನಿಂತು ಅಳೆಯುವಂಥದ್ದಲ್ಲ. ಅದಕ್ಕಾಗಿ ಭೂವಿಜ್ಞಾನ ಸಚಿವಾಲಯ ಕರಾಡದಲ್ಲಿ ಒಂದು ಪ್ರಯೋಗಾಲಯ ತೆರೆದು ಕೊಯ್ನಾ ಪ್ರದೇಶದಲ್ಲಿ ಕೊರೆಯತೊಡಗಿತು. ಮೊದಲು ಸುಮಾರು ಒಂದೂವರೆ ಕಿಲೋಮೀಟರಿನ ಒಂಬತ್ತು ಅನ್ವೇಷಣಾ ಬಾವಿಗಳು, ನಂತರ ಗೋಠಣೆಯಲ್ಲಿ 3 ಕಿಲೋಮೀಟರಿನ ಮಾರ್ಗದರ್ಶಿ ಬಾವಿ, 2017ರ ಜೂನ್‌ನಲ್ಲಿ ಮುಗಿದದ್ದು. ಅಲ್ಲಿ ಬಸಾಲ್ಟ್ 1,247 ಮೀಟರ್ ದಪ್ಪವಿದೆ. ಅದರಡಿ ಕೆಸರುಶಿಲೆಯ ಪದರ ಇರಬಹುದೆಂಬ ಊಹೆ ಸುಳ್ಳಾಯಿತು. ನೇರವಾಗಿ ಗ್ರಾನೈಟ್ ನೈಸ್, ಕರ್ನಾಟಕದ ಬಯಲಿನಲ್ಲಿ ನಾವು ಕಣ್ಣಾರೆ ಕಾಣುವ ಜಾತಿಯದೇ. ಅಂದರೆ ಕಂಪನಗಳು ಹುಟ್ಟುವುದು ಲಾವಾದಲ್ಲಿ ಅಲ್ಲ, ಅದರ ಕೆಳಗಿನ ಈ ಪುರಾತನ ಶಿಲೆಯ ಬಿರುಕುಗಳಲ್ಲಿ. ಬಾವಿಯೊಳಗೆ ನೀರಿನ ಒತ್ತಡದಿಂದ ಬಂಡೆಯನ್ನು ಸಣ್ಣಗೆ ಸೀಳಿ ಅದರ ಬಿಗುವನ್ನು ಅಳೆದರು. ಆರು ಕಿಲೋಮೀಟರ್ ಆಳದಲ್ಲಿ ಉಷ್ಣತೆ 150 ಡಿಗ್ರಿ ಸೆಲ್ಸಿಯಸ್ ಮೀರದೆಂಬ ಅಂದಾಜೂ ಈ ಕೆಲಸದಿಂದ ಬಂದದ್ದು. ಮಾಪಕಗಳು ಅಷ್ಟು ಬಿಸಿಯಲ್ಲಿ ಬದುಕಬಲ್ಲವೇ ಎಂಬುದು ಅದರ ಮೇಲೆ ನಿಂತಿದೆ.

ಆರು ಅನ್ವೇಷಣಾ ಬಾವಿಗಳ ತಳದಲ್ಲಿ ಕಂಪನಮಾಪಕಗಳನ್ನು ಇಳಿಸಿದ್ದಾರೆ. ಮೇಲಿನ ಗಾಳಿ, ವಾಹನ, ಮಳೆಯ ಗದ್ದಲ ಅಲ್ಲಿ ಇಲ್ಲ. ಆದರೆ ಕೊಯ್ನಾದ ಹೆಚ್ಚಿನ ಕಂಪನಗಳು ಹುಟ್ಟುವುದು 3 ಕಿಲೋಮೀಟರಿಗಿಂತಲೂ ಕೆಳಗೆ. ಸ್ತರಭಂಗದ ಬಾಯಿಯಲ್ಲೇ ರಂಧ್ರಜಲದ ಒತ್ತಡವನ್ನು ಅಳೆದು, ಮುಂಗಾರಿನ ಏರಿಳಿತ ಅಲ್ಲಿಗೆ ಎಷ್ಟು ದಿನಕ್ಕೆ, ಎಷ್ಟು ಪಾಲು ಉಳಿದು ತಲುಪುತ್ತದೆ ಎಂದು ನೇರವಾಗಿ ನೋಡಲು ಇನ್ನೂ ಆಳಕ್ಕೆ ಕೊರೆಯಬೇಕು.